ಮಂಚದ ಮೇಲಿನ ಸಿಪಾಯಿ

ಪೈಪರ್ ಕಾಕಾ ಪ್ರತಿ ರವಿವಾರ ಸಂಜೆ ತಮ್ಮ ಮಂಚದ ಮೇಲೆ ಒಬ್ಬ ಮನುಷ್ಯನನ್ನು ಮಲಗಿಸುತ್ತಿದ್ದರು. ಮೊದಮೊದಲು ಆ ಮನುಷ್ಯನಿಗೆ ಇದ್ದದ್ದು ಸೊಂಟಪಟ್ಟಿಯೊಂದೇ. ಹಾಸಿಗೆಯ ನಟ್ಟನಡುವೆ ಹಿತ್ತಾಳೆ ಬಕ್ಕಲಿನ ಅಗಲವಾದ ಪಟ್ಟಿ. ಮೇಲೆ ತಲೆಯಿಲ್ಲ, ಕೆಳಗೆ ಕಾಲಿಲ್ಲ. ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಒರೆಸಿ, ಮಂಚದಿಂದ ಹಿಂದೆ ಸರಿದು, ಎದೆ ಸೆಟೆಸಿ ನಿಂತು ನೋಡುತ್ತಿದ್ದರು. ಕೆಲವು ತಿಂಗಳ ಮೇಲೆ ಮಂಚದ ತುದಿಗೆ ಬೂಟು ಬಂದವು. ಆಮೇಲೆ ಬೂಟಿನ ಮೇಲೆ ತೊಡುವ ಬಿಳಿ ಕ್ಯಾನ್ವಾಸಿನ ಗವಸು ಬಂದವು. ಇನ್ನೂ ಬಾರದ ಸಾಮಾನಿನ ಜಾಗವನ್ನು ಹಾಗೆಯೇ ಖಾಲಿ ಬಿಡುತ್ತಿದ್ದರು. ಅವರ ಹೆಂಡತಿ ಗಂಗವ್ವ ಕಾಕು ಮರೆತು ಅಲ್ಲೊಂದು ದಿಂಬು ಇಟ್ಟರೆ ಗುಡುಗುತ್ತಿದ್ದರು: "ಅದು ಟೊಪ್ಪಿಗಿ ಜಾಗಾ. ತಗೀ ಆ ದಿಂಬು!"

ಅವರ ಹೆಸರು ರುದ್ರಪ್ಪ. ಬೆಳಗಾವಿ ಕಡೆಯ ಹಳ್ಳಿಯವರು. ಪಲ್ಟನ್ನಿನಲ್ಲಿ ಬ್ಯಾಗ್‌ಪೈಪ್ ಊದುತ್ತಲೇ ಮೀಸೆ ನೆರೆತವರು. ಪಿಂಚಣಿಯಾದ ಮೇಲೆ ನಿಗಡಿಯ ಹತ್ತಿರ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿ, ತೊಂಬತ್ತರ ದಶಕದ ಆರಂಭದಲ್ಲಿ ಪುಣೆಗೆ ಬಂದು, ನಾನಾ ಪೇಠೆಯ ಅಂಗಳದ ಸುತ್ತ ಬಾಡಿಗೆ ಮನೆಗಳಿದ್ದ ನಮ್ಮ ಹಳೇ ವಾಡಾದಲ್ಲಿ ನಮ್ಮ ಪಕ್ಕದ ಖೋಲಿ ಹಿಡಿದರು. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಕೊಡುತ್ತಿದ್ದೆ. ಇಡೀ ದಿನ ಮರಾಠಿ ಕೇಳಿ ಕೇಳಿ ದಣಿದ ಕಿವಿಗೆ ಗೋಡೆಯಾಚೆಯಿಂದ ನಮ್ಮ ಕಡೆಯ ಜಗಳ ಕೇಳಿಸಿದರೆ ಯಾರಿಗೆ ಸುಮ್ಮನಿರಲಾಗುತ್ತದೆ? ಒಂದು ಬಟ್ಟಲು ಚಟ್ನಿಪುಡಿ ಹಿಡಿದುಕೊಂಡು ಹೋಗಿಯೇಬಿಟ್ಟೆ. ಅಂದಿನಿಂದ ಅವರು ಕಾಕಾ, ಆಕೆ ಕಾಕು. ನಾನು ಇಬ್ಬರಿಗೂ ಶಾಂತವ್ವ.

ಮದುವೆಯ ಹಂಗಾಮಿನಲ್ಲಿ ಕಾಕಾ ಕ್ಯಾಂಪಿನ ಒಂದು ಬ್ಯಾಂಡಿನ ಜೊತೆ ಊದಲು ಹೋಗುತ್ತಿದ್ದರು. ಅಲ್ಲಿ ಕೊಡುವ ಜರಿಪಟ್ಟಿಯ ಕೆಂಪು ಕೋಟು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಮಂಗ್ಯಾನ ಅಂಗಿ" ಎನ್ನುತ್ತಿದ್ದರು. ಪಲ್ಟನ್ನಿನ ಡ್ರೆಸ್ಸೇ ಡ್ರೆಸ್ಸು. ಮೊಣಕಾಲ ತನಕ ಬರುವ ಚೌಕಳಿ ಉಣ್ಣೆಯ ಕಿಲ್ಟ್, ಅದರ ಮುಂದೆ ಇಳಿಬೀಳುವ ಕುದುರೆಕೂದಲಿನ ಚೀಲ, ಹಸಿರು ಕೋಟು, ಹೆಗಲ ಮೇಲೆ ಅದೇ ಚೌಕಳಿಯ ಕಂಬಳಿ, ಹಿಂದೆ ಎರಡು ಕರಿ ರಿಬ್ಬನ್ನು ಜೋಲುವ ಟೊಪ್ಪಿಗೆ. ಅದು ಸ್ಕಾಟ್ಲೆಂಡಿನವರದಂತೆ, ಬ್ರಿಟಿಷರು ಹೋದರೂ ಪೈಪಿನ ಜೊತೆ ಇಲ್ಲೇ ಉಳಿಯಿತಂತೆ. ನಿವೃತ್ತಿಯ ದಿನ ಅದನ್ನೆಲ್ಲ ಸರ್ಕಾರಿ ಸ್ಟೋರಿಗೆ ಜಮಾ ಮಾಡಿಸಿಕೊಂಡಿದ್ದರು. ಅದನ್ನೇ ಕಾಕಾ ಒಂದೊಂದಾಗಿ ಮತ್ತೆ ಕೂಡಿಸುತ್ತಿದ್ದರು.

ಯಾಕೆಂದು ಹೇಳಿದ್ದು ಕಾಕು. ನನ್ನ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಒಂದು ದಿನ ಹೇಳಿದರು.

"ಲಗ್ನ ಆದ ಮ್ಯಾಲ ನಾ ಅತ್ತಿಮನ್ಯಾಗ, ಇವರು ದೇಶದ ಆ ತುದಿಗೆ. ಯಾರೋ ಬಂದು ಊರಾಗ ಹೇಳಿದ್ರು, ರುದ್ರಪ್ಪ ಅಲ್ಲೆ ಹೆಣ್ಣಮಕ್ಕಳಂಗ ಪರಕಾರ ಉಟಗೊಂಡ ಊದತಾನ ಅಂತ. ನೆಗೆಣ್ಣ್ಯಾರು ನಕ್ಕಿದ್ದ ನಕ್ಕಿದ್ದು. ನಾ ಬಾವೀ ಕಟ್ಟಿಗೆ ಹೋಗೂದ ಬಿಟ್ಟಿದ್ದೆ ತಂಗಿ. ಇವರು ಸೂಟಿ ತಗೊಂಡ ಊರಿಗೆ ಬಂದಾಗ ಅತ್ತಗೋತ ಕೇಳಿದೆ. 'ನಾ ಪೂರಾ ಡ್ರೆಸ್ಸಿನ್ಯಾಗ ನಿಂತಿದ್ದ ಒಮ್ಮೆ ನಿನ್ನ ಕಣ್ಣಿಲೆ ನೋಡು, ಆಮ್ಯಾಲ ಹೇಳು' ಅಂದ್ರು. ಸರ್ಕಾರದ ಡ್ರೆಸ್, ಊರಿಗೆ ತರೂಹಂಗಿಲ್ಲ. ನಾ ಅಲ್ಲಿಗೆ ಹೋಗೂಹಂಗಿಲ್ಲ. ಹಂಗ ಉಳೀತು."

ಹಾಗೇ ಉಳಿದದ್ದು ಬೇರೆಯವರಿಗಾದರೆ ಉಳಿದೇ ಹೋಗುತ್ತಿತ್ತು. ಮಕ್ಕಳಿಲ್ಲದ ಆ ಇಬ್ಬರಿಗೆ ಅದೊಂದೇ ಮಾತು ಬಾಕಿ ಇತ್ತು. ಅದು ಸಾಲದೆಂಬಂತೆ ಕಾಕುವಿನ ದೃಷ್ಟಿ ಹೋಗತೊಡಗಿತ್ತು. ಪುಣೆಗೆ ಬರುವ ಹೊತ್ತಿಗೆ ಒಂದು ಕಣ್ಣು ಮುಗಿದಿತ್ತು. ಇನ್ನೊಂದನ್ನು ತೋರಿಸಲು ಅವರಿಬ್ಬರ ಜೊತೆಗೆ ನಾನೂ ಹೋಗಿದ್ದೆ. ಕಾಚಬಿಂದು ಎಂದರು ಡಾಕ್ಟರು. ಕಣ್ಣಿನ ನರ ಒಣಗುತ್ತ ಬಂದಿದೆ, ಹೋದ ನೋಟ ಮರಳಿ ಬರುವುದಿಲ್ಲ, ಇದ್ದದ್ದು ಎಲ್ಲಿಯವರೆಗೆ ಎಂದು ಹೇಳಲಾಗದು, ಔಷಧಿ ಬಿಡಬೇಡಿ ಎಂದರು. ದಾರಿಯಲ್ಲಿ ಕಾಕು, "ಊದಗೊಳವಿ ಒಳಗಿಂದ ನೋಡಿಧಂಗ ಕಾಣತದ ಶಾಂತವ್ವಾ. ನಡುವ ಒಂದೀಟು ಬೆಳಕು, ಸುತ್ತೆಲ್ಲಾ ಕತ್ತಲಿ" ಎಂದು ನನ್ನ ತೋಳು ಗಟ್ಟಿಯಾಗಿ ಹಿಡಿದರು. ಕಾಕಾ ಮುಂದೆ ಮುಂದೆ ನಡೆಯುತ್ತಿದ್ದರು. ಮರುದಿನದಿಂದ ಅವರ ಹುಡುಕಾಟಕ್ಕೆ ಹುಚ್ಚು ಹಿಡಿಯಿತು.

ಬುಧವಾರ ಮತ್ತು ರವಿವಾರ ಜುನಾ ಬಾಜಾರ ಕೂಡುತ್ತದೆ. ತುಕ್ಕು ಹಿಡಿದ ಬೀಗದಿಂದ ಹಿಡಿದು ಯಾರದೋ ಮನೆಯ ಒಡೆದ ಗಡಿಯಾರದ ತನಕ ಎಲ್ಲ ನೆಲದ ಮೇಲೆ ಹರಡಿರುತ್ತದೆ. ಕಾಕಾ ರಾತ್ರಿಪಾಳಿ ಮುಗಿಸಿ, ಕಣ್ಣು ಕೆಂಪಾಗಿದ್ದರೂ ಮನೆಗೆ ಬಾರದೆ ನೇರ ಅಲ್ಲಿಗೆ ಹೋಗುತ್ತಿದ್ದರು. ಕೋಟನ್ನು ಬ್ಯಾಂಡಿನ ದರ್ಜಿಯ ಹತ್ತಿರ ಹೊಲಿಸಿದರು. ಉದ್ದ ಕಾಲುಚೀಲಗಳನ್ನು ನಾನು ಹೆಣೆದುಕೊಟ್ಟೆ. ಮುಂದಿನ ಚೀಲಕ್ಕೆ ಕುದುರೆಕೂದಲು ಬೇಕಲ್ಲ, ರೇಸ್‌ಕೋರ್ಸಿನ ಕುದುರೆಲಾಯದವರ ಕೈಕಾಲು ಹಿಡಿದು ಒಂದು ಗಂಟು ಬಾಲದ ಕೂದಲು ತಂದರು. ಅದನ್ನು ಸೀಗೆಪುಡಿ ಹಾಕಿ ತೊಳೆದು ಅಂಗಳದ ತಂತಿಯ ಮೇಲೆ ಒಣಹಾಕಿದರೆ ವಾಡಾಕ್ಕೆ ವಾಡಾವೇ ಮೂಗು ಮುಚ್ಚಿಕೊಂಡಿತು. ಮಾಲಕರ ಹೆಂಡತಿ ಮಹಡಿಯಿಂದ ಕೂಗಿದಳು: "ಅಹೋ ರುದ್ರಾಪ್ಪಾ, ಘರಾತ ಘೋಡಾ ಆಣಲಾತ ಕಾಯ?" ಕಾಕಾ ಸಲಾಮು ಹೊಡೆದು, "ನಾಹೀ ಬಾಯೀ, ಫಕ್ತ ಶೇಪೂಟ" ಎಂದರು. ಕುದುರೆಯಲ್ಲ, ಬರೇ ಬಾಲ. ಆ ದಿನ ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕಿಲ್ಟಿನ ಬಟ್ಟೆಯದು ದೊಡ್ಡ ಕಥೆ. ಶಾಲೆಯ ಹುಡುಗಿಯರ ಸ್ಕರ್ಟಿಗೆ ಮಾರುವ ಚೌಕಳಿ ಬಟ್ಟೆ ಪೇಟೆಯಲ್ಲಿ ಥಾನುಗಟ್ಟಲೆ ಇರುತ್ತದೆ, ಅದನ್ನೇ ತಂದು ತೋರಿಸಿದೆ. ಕಾಕಾ ಬೆರಳಲ್ಲಿ ಮುಟ್ಟಿ ಬದಿಗಿಟ್ಟರು. "ಇದು ಹಾರತದ ಶಾಂತವ್ವಾ. ಪೈಪರನ ಕಿಲ್ಟ್ ಹೆಜ್ಜಿಗೊಮ್ಮೆ ತೂಗಬೇಕು, ಹಾರಬಾರದು." ಎರಡು ಚಳಿಗಾಲ ಹೀಗೇ ಹೋದವು. ಕೊನೆಗೆ ಜುನಾ ಬಾಜಾರದಲ್ಲಿ ಯಾವುದೋ ಬಂಗಲೆಯಿಂದ ಬಂದ ಜೋಡಿ ಚೌಕಳಿ ರಗ್ಗು ಸಿಕ್ಕವು. ಹಸಿರು, ನೀಲಿ, ನಡುವೆ ಒಂದು ಕೆಂಪೆಳೆ. ಅಲ್ಲಲ್ಲಿ ನುಸಿ ತಿಂದ ತೂತು. ಅವನ್ನು ಎದೆಗವಚಿಕೊಂಡು ತಂದರು, ಕೂಸನ್ನು ತಂದ ಹಾಗೆ.

"ನಿರಿಗಿ ನಾ ಹಿಡೀತೀನಿ" ಎಂದರು ಕಾಕು. "ಅದಕ್ಕ ಕಣ್ಣ ಬ್ಯಾಡ, ಬೆರಳ ಸಾಕು."

ಕಾಕಾ ಡ್ಯೂಟಿಗೆ ಹೋದಾಗ ನಾವಿಬ್ಬರೂ ಕೂತೆವು. ಕಾಕು ಹಿಡಿದ ನಿರಿಗೆ ನೋಡಬೇಕಿತ್ತು. ಒಂದರ ಮೇಲೊಂದು, ಒಂದೇ ಅಗಲ. ತೂತು ಬಂದಲ್ಲೆಲ್ಲ ಬೆರಳಿನಿಂದ ತಡವಿ ತಿಳಿದು ನಿರಿಗೆಯೊಳಗೆ ಅಡಗಿಸಿದರು. ನಾನು ಹೊಲಿದೆ. ಸಂಜೆ ಕಾಕಾ ಬಂದು ಸೊಂಟಕ್ಕೆ ಹಿಡಿದು ನೋಡಿದರು, ನೋಡಿ ಹಾಗೇ ನಿಂತರು. ನಿರಿಗೆಯೆಲ್ಲ ಹೊಕ್ಕುಳ ಕೆಳಗೆ ಒಂದೇ ಗೊಂಚಲಾಗಿ ಕೂತಿತ್ತು, ಥೇಟ್ ಸೀರೆಯ ಹಾಗೆ. ಕಿಲ್ಟಿಗೆ ಮುಂದೆ ಸಪಾಟಾಗಿರಬೇಕಂತೆ, ನಿರಿಗೆ ಸೊಂಟದ ಹಿಂದೆಲ್ಲ ಹರಡಿರಬೇಕಂತೆ. ಹುಟ್ಟಿದಾಗಿನಿಂದ ನಿರಿಗೆ ಮುಂದೆ ಎಂದು ತಿಳಿದ ಹೆಂಗಸರು ನಾವು, ಹಿಂದೆ ಇರಬಹುದೆಂದು ಯಾರ ತಲೆಗೆ ಹೊಳೆಯಬೇಕು? ತಿರುಗಿಸಿ ಉಡಿ ಎಂದೆ. ತಿರುಗಿಸಿದರೆ ಹಿಂದೆ ಬಾಲ ಬಂದಂತಾಯಿತು.

ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಕಾಕಾ ಬೈಯಲಿಲ್ಲ. ಕಾಕು "ಚಂದ ಆಗೇದೇನ್ರಿ?" ಎಂದು ಕೇಳಿದಾಗ, "ಪಲ್ಟನ್ನಿನ ದರ್ಜೀಗೆ ಇಷ್ಟ ಚಂದ ಬರತಿದ್ದಿಲ್ಲ. ಆದ್ರ ಸ್ವಲ್ಪ ಹಿಂದಕ್ಕ ಸರಸಬೇಕಾಗೇದ" ಎಂದರು. ಹೊರಗೆ ಹೋಗಿ ನಳದ ಹತ್ತಿರ ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು. ಬಿಚ್ಚಿ ಹರಡಿದರೆ ಒಳಗೆ ಅಡಗಿದ್ದ ತೂತುಗಳೆಲ್ಲ ಮೇಲೆ ಬಂದವು. ಅಂಚಿನ ಎಳೆ ತೆಗೆದು ಆ ತೂತುಗಳನ್ನು ರಫೂ ಮಾಡುತ್ತ ನನಗೆ ಒಂದು ಮಳೆಗಾಲ ಪೂರ್ತಿ ಹೋಯಿತು, ದೀಪಾವಳಿ ಬಂತು. ಅಷ್ಟರಲ್ಲಿ ಕಾಕುವಿನ ಊದುಗೊಳವೆ ಇನ್ನಷ್ಟು ಸಣ್ಣದಾಗಿತ್ತು. ತಟ್ಟೆಯಲ್ಲಿ ರೊಟ್ಟಿ ಕಂಡರೆ ಪಲ್ಯ ಕಾಣುತ್ತಿರಲಿಲ್ಲ.

ಈಗ ಮಂಚದ ಮೇಲಿನ ಸಿಪಾಯಿಗೆ ಕುತ್ತಿಗೆಯಿಂದ ಕೆಳಗೆ ಎಲ್ಲ ಇತ್ತು. ಟೊಪ್ಪಿಗೆ ಮಾತ್ರ ಇರಲಿಲ್ಲ.

ಆ ರವಿವಾರ ನಾನು ಬಾಗಿಲಲ್ಲಿ ನಿಂತು ಜಗಳವನ್ನೇ ತೆಗೆದೆ. "ಇವತ್ತ ಹಾಕ್ಕೋರಿ ಕಾಕಾ. ಇನ್ನೂ ಒಂದೀಟು ಕಾಣತದ ಅವರಿಗೆ. ಟೊಪ್ಪಿಗಿ ಯಾರ ನೋಡ್ತಾರ್ರಿ?"

"ಗಂಗಾ ನೋಡತಾಳ."

"ನಾ ಏನೂ ಕೇಳಿಲ್ರೀ ಟೊಪ್ಪಿಗಿ" ಎಂದರು ಕಾಕು ಒಲೆಯ ಮುಂದಿನಿಂದ. "ಬರೇ ತಲೀಲೆ ನಿಂತ್ರೂ ನಂಗ ನಡೀತದ."

ಕಾಕಾ ಬೂಟಿಗೆ ಪಾಲಿಶ್ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನಿಮಗ ಗೊತ್ತಿಲ್ಲ. ಪಲ್ಟನ್ನಿನ್ಯಾಗ ಬರೇ ತಲೀಲೆ ಯಾರನ್ನ ನಿಲ್ಲಸ್ತಾರ? ತಪ್ಪ ಮಾಡಿದಂವನ್ನ. ಟೊಪ್ಪಿಗಿ ತಗಸಿ ಸಾಹೇಬರ ಮುಂದ ನಿಲ್ಲಸ್ತಾರ. ನಾ ಆಕಿ ಮುಂದ ಹಂಗ ನಿಲ್ಲಲಾ? ಜೀವನದಾಗ ಒಮ್ಮೆ ನೋಡೂದು, ತಪ್ಪ ಮಾಡಿದಂವನ್ನ ನೋಡಲಾ ಆಕಿ?"

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಗೋಡೆಗೆ ಹೇಳಿದರೆ ಅದಾದರೂ ತಿರುಗಿ ಮಾತಾಡುವುದಿಲ್ಲ. ನನಗೆ ಸಿಟ್ಟಿನಿಂದ ಅಳು ಬಂತು. ಕಾಕಾ ಮಾತ್ರ ಟೊಪ್ಪಿಗೆಯ ಬೆನ್ನು ಹತ್ತಿದರು. ಜುನಾ ಬಾಜಾರದಲ್ಲಿ ಪೊಲೀಸರದು ಸಿಕ್ಕಿತು, ರೇಲ್ವೆಯವರದು ಸಿಕ್ಕಿತು, ಬ್ಯಾಂಡಿನವರದಂತೂ ರಾಶಿ. ಗಾಂಧಿ ಟೊಪ್ಪಿಗೆ ಹೊಲಿಯುವ ಒಬ್ಬ ಅಜ್ಜನಿಗೆ ಕೈಯಲ್ಲಿ ಆಕಾರ ಮಾಡಿ ಮಾಡಿ ತೋರಿಸಿ ಕರಿ ಬಟ್ಟೆ ಕೊಟ್ಟರು. ಅಜ್ಜ ಬಹಳ ಶ್ರದ್ಧೆಯಿಂದ ಕರಿ ಗಾಂಧಿ ಟೊಪ್ಪಿಗೆಯನ್ನೇ ಹೊಲಿದು, ಹಿಂದೆ ಎರಡು ರಿಬ್ಬನ್ನು ಹಚ್ಚಿ ಕೊಟ್ಟ. ಕಾಕಾ ಅದನ್ನು ಗೂಟಕ್ಕೆ ನೇತುಹಾಕಿ, ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದರು.

ಕೊನೆಗೆ ಬೆಳಗಾವಿಯ ಬಸ್ಸಿನ ಕಂಡಕ್ಟರನೊಬ್ಬನ ಕೈಲಿ ಅಲ್ಲಿನ ಹಳೆಯ ಜೊತೆಗಾರನಿಗೆ ಮಾತು ಕಳಿಸಿದರು. ಜೊತೆಗಾರ ಹುಡುಕುತ್ತೇನೆ, ಸಿಕ್ಕರೆ ಬಸ್ಸಿನಲ್ಲೇ ಕಳಿಸುತ್ತೇನೆ ಎಂದನಂತೆ. ಅಂದಿನಿಂದ ಕಾಕಾ ದಿನವೂ ಸ್ವಾರಗೇಟಿನ ಬಸ್ ಸ್ಟ್ಯಾಂಡಿಗೆ ಹೋಗಿ ಬೆಳಗಾವಿಯಿಂದ ಬರುವ ಬಸ್ಸಿಗೆ ಕಾದು, ಕಂಡಕ್ಟರನ ಮುಖ ನೋಡಿ, ಬರಿಗೈಯಲ್ಲಿ ತಿರುಗಿ ಬರುತ್ತಿದ್ದರು. ವಾಡಾದ ಗೇಟಿನೊಳಗೆ ಅವರ ಹೆಜ್ಜೆಯ ಸಪ್ಪಳದಿಂದಲೇ ಇಲ್ಲವೆಂದು ನಮಗೆ ತಿಳಿಯುತ್ತಿತ್ತು.

ಅದೇ ದಿನಗಳಲ್ಲಿ ಒಂದು ಮುಂಜಾನೆ ಕಾಕು ಗೋಡೆ ತಡವುತ್ತ ನಮ್ಮ ಬಾಗಿಲಿಗೆ ಬಂದರು. ಕಾಕಾ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ.

"ಶಾಂತವ್ವಾ, ಬೆಳಗಾಗೇದೇನ?"

ಅಂಗಳದ ತುಂಬ ಬಿಸಿಲು ಬಿದ್ದಿತ್ತು. ಹೊಲಿಗೆ ಬದಿಗಿಟ್ಟು ಎದ್ದು ಅವರ ತೋಳು ಹಿಡಿದೆ. ಅವರೇ ತಿಳಿದುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತರು. ಅತ್ತವಳು ನಾನು. ಅವರು ನನ್ನ ಕೈ ಹಿಡಿದು, "ಇವರಿಗೆ ಹೇಳಬ್ಯಾಡ. ಟೊಪ್ಪಿಗಿ ಬರೂತನಾ ಇವರಿಗೆ ಆಸೆ ಇರ್ಲಿ. ನನ್ನ ಆಣಿ ಅದ" ಎಂದರು. ಖೋಲಿ ಎಷ್ಟು ದೊಡ್ಡದು? ಒಲೆ ಎಲ್ಲಿ, ಮಂಚ ಎಲ್ಲಿ, ನೀರಿನ ಕೊಡ ಎಲ್ಲಿ, ಎಲ್ಲ ಅವರ ಕೈಗೆ ಗೊತ್ತಿತ್ತು. ಕಾಕಾಗೆ ಸಂಶಯ ಬರಲಿಲ್ಲ. ಅವರ ಕಣ್ಣಿಗೆ ಆಗ ಟೊಪ್ಪಿಗೆಯೊಂದೇ ಕಾಣುತ್ತಿತ್ತು.

ಟೊಪ್ಪಿಗೆ ಬಂತು. ಕಾಗದದ ಪೊಟ್ಟಣ ಎತ್ತಿ ಹಿಡಿದು ಗೇಟಿನಿಂದಲೇ "ಗಂಗಾ! ಬಂತು, ಬಂತು!" ಎಂದು ಕೂಗುತ್ತ ಬಂದರು. ಖೋಲಿಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ತಯಾರಾದರು. ನಾನು ಕಾಕುವನ್ನು ಅಂಗಳದಲ್ಲಿ ತುಳಸಿಕಟ್ಟೆಯ ಹತ್ತಿರ ಸ್ಟೂಲಿನ ಮೇಲೆ ಕೂಡಿಸಿದೆ. ಅಷ್ಟರಲ್ಲೇ ಅವರು ನಮ್ಮ ಮನೆಯಲ್ಲಿ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ಉಟ್ಟಿದ್ದರು. ವಾಡಾದ ಹೆಂಗಸರು ಮಹಡಿಯ ಕಟಾಂಜನದಿಂದ ಇಣುಕಿದರು.

ಬಾಗಿಲು ತೆರೆಯಿತು. ಮಂಚದ ಮೇಲೆ ವರ್ಷಾನುಗಟ್ಟಲೆ ಮಲಗಿದ್ದವನು ಎದ್ದು ನಿಂತಿದ್ದ. ಆ ಮುದುಕನ ಮೇಲೆ ಅದೆಲ್ಲ ಎಷ್ಟು ಚಂದ ಕೂತಿತ್ತೆಂದರೆ, ಮಾಲಕರ ಹೆಂಡತಿ ಕೂಡ ನಗಲಿಲ್ಲ. ಕಾಕಾ ಪೈಪ್ ಹೆಗಲಿಗೇರಿಸಿ ಗೇಟಿನಿಂದ ನಳದ ತನಕ ಊದುತ್ತ ನಡೆದರು. ಹೆಜ್ಜೆಗೊಮ್ಮೆ ಕಿಲ್ಟ್ ತೂಗುತ್ತಿತ್ತು, ಹಾರುತ್ತಿರಲಿಲ್ಲ. ಕಾಕು ಸಪ್ಪಳ ಬಂದತ್ತ ಮುಖ ತಿರುಗಿಸುತ್ತ, ನಗುತ್ತ ಕೂತಿದ್ದರು. ಊದುವುದು ಮುಗಿಯಿತು. ಕಾಕಾ ಅವರ ಎದುರಿಗೆ ಬಂದು ನಿಂತು, ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟದ್ದನ್ನು ತೋರಿಸಬೇಕಲ್ಲ, ಗಕ್ಕನೆ ತಿರುಗಿ ಬೆನ್ನು ಮಾಡಿ ನಿಂತರು.

"ಭಾಳ ಚೊಲೋ ಕಾಣಸ್ತೀರಿ" ಎಂದರು ಕಾಕು. "ನನ್ನ ನೆಗೆಣ್ಣ್ಯಾರು ಇರಬೇಕಾಗಿತ್ತು ನೋಡಾಕ. ಈಗ ಒಂದೀಟು ತಿರಗ್ರಿ, ಹಿಂದಿನ ನಿರಿಗಿ ನೋಡೂಣು."

ಕಾಕಾನ ಬೆನ್ನು ಅಲುಗಲಿಲ್ಲ. ಆಗಲೇ ತಿರುಗಿ ನಿಂತವರು ಇನ್ನೆಲ್ಲಿಗೆ ತಿರುಗಬೇಕು? ಪೈಪಿನ ಚೀಲದೊಳಗೆ ಉಳಿದಿದ್ದ ಗಾಳಿ ಕುಂಯ್ ಎಂದು ಹೊರಬಿತ್ತು. ನಿಧಾನವಾಗಿ ಹಿಂತಿರುಗಿ ನನ್ನನ್ನು ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಬಂದು ಕಾಕುವಿನ ಕಾಲ ಹತ್ತಿರ ನೆಲದ ಮೇಲೆ ಮೊಣಕಾಲೂರಿ, ಆಕೆಯ ಬೆರಳು ಹಿಡಿದು ಕಿಲ್ಟಿನ ಒಂದೊಂದು ಚೌಕದ ಮೇಲೆ ಇಟ್ಟರು. "ಇದು ಹಸರು. ಇದು ನೀಲಿ. ಇಲ್ಲೆ ನೋಡು, ಇದು ಕೆಂಪ ಎಳಿ." ಕಾಕು ಗಂಡನ ಬೆನ್ನ ಹಿಂದೆ ಕೈಯಾಡಿಸಿ ನಿರಿಗೆ ಸಿಕ್ಕ ಮೇಲೆ, "ಹಿಂದ ಅದಾವ. ಸರಿ ಅದಾವ" ಎಂದರು. ಕಾಕಾ ಟೊಪ್ಪಿಗೆ ತೆಗೆದು ಆಕೆಯ ಉಡಿಯಲ್ಲಿ ಹಾಕಿ, ಅದರ ಮೇಲೆ ಮುಖವಿಟ್ಟು ಅತ್ತರು. ಗಂಡಸೊಬ್ಬ ಹಾಗೆ ಅಳುವುದನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ, ಕಾಣುವುದೂ ಬೇಡ.

ಆಮೇಲೆ ಮಂಚದ ಮೇಲೆ ಯಾರನ್ನೂ ಮಲಗಿಸಲಿಲ್ಲ. ಡ್ರೆಸ್ಸು ಟ್ರಂಕಿಗೆ ಹೋಯಿತು, ಟೊಪ್ಪಿಗೆ ಕಾಕುವಿನ ಹತ್ತಿರ ಉಳಿಯಿತು. ಮದುವೆಗಳಿಗೆ ಡಿಜೆ ಬಂದು ಬ್ಯಾಂಡು ಮುಚ್ಚಿದ ಹೊತ್ತಿಗೆ ಕಾಕಾಗೆ ಉಸಿರೂ ಸಾಲದಾಗಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ಒಂದು ಮಧ್ಯಾಹ್ನ ಚಹಾ ಕುಡಿದು ಬಟ್ಟಲು ಕೆಳಗಿಡುತ್ತಲೇ ಹೋಗಿಬಿಟ್ಟರು.

ನಮ್ಮವರಲ್ಲಿ ಹೆಣವನ್ನು ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಕೊಡುವ ಪದ್ಧತಿ. ಕಾಕು ಟ್ರಂಕಿನ ಬೀಗದಕೈ ನನ್ನ ಕೈಗೆ ಕೊಟ್ಟು, "ಎಲ್ಲಾ ಹಾಕ್ರಿ" ಎಂದರು. ವಿಧಿ ಮಾಡಿಸಲು ಬಂದ ಅಯ್ಯನೋರು ಹಿಂದೆ ಮುಂದೆ ನೋಡಿದರು. "ಇದೇನ ವೇಷಾರೀ ಅವ್ವಾ? ಒಂದು ಬಿಳೀ ಧೋತರ ಸಾಕು."

"ವೇಷ ಅಲ್ರೀ ಅಜ್ಜಾರ. ಇದು ಅವರ ಜೀವನಾ" ಎಂದರು ಕಾಕು. ಅಯ್ಯನೋರು ವಿಭೂತಿ ಕೈಗೆತ್ತಿಕೊಂಡರು.

ಕಾಲುಚೀಲ, ಬೂಟು, ಕಿಲ್ಟ್, ಚೀಲ, ಕೋಟು, ಪಟ್ಟಿ, ಹೆಗಲ ಕಂಬಳಿ ಎಲ್ಲ ಹಾಕಿದೆವು. ಟೊಪ್ಪಿಗೆಗೆ ನಾನು ಕೈ ಚಾಚಿದೆ. ಕಾಕು ಅದನ್ನು ಸೆರಗಿನೊಳಗೆ ಅವಚಿಕೊಂಡರು.

"ಇದು ಬ್ಯಾಡ."

"ಕಾಕು, ಬರೇ ತಲೀಲೆ ಕಳಸಬಾರದ್ರೀ. ಅವರು ಏನಂತಿದ್ರು ಗೊತ್ತದಲ್ಲಾ ನಿಮಗ."

"ಗೊತ್ತದ, ಅದಕ್ಕ" ಎಂದರು. "ಈ ಟೊಪ್ಪಿಗಿ ಸಲುವಾಗಿ ನನ್ನ ಕಾಯಸಿದ್ರು, ಕಣ್ಣ ಹೋಗೂತನಾ ಕಾಯಸಿದ್ರು. ಈಗ ಅವರು ಕಾಯಲಿ. ಇದಿಲ್ಲದ ಅವರು ಯಾರ ಮುಂದನೂ ನಿಲ್ಲೂದಿಲ್ಲ, ಎಲ್ಲಿಗೂ ಹೋಗೂದಿಲ್ಲ. ನಾ ಹೋಗೂ ಮುಂದ ತಗೊಂಡ ಹೋಗತೀನಿ. ನನ್ನ ಉಡ್ಯಾಗ ಇಡ್ರಿ, ಮರೀಬ್ಯಾಡ್ರಿ."

ಕಾಕಾ ಬರಿದಲೆಯಲ್ಲೇ ಹೋದರು.

ಆಮೇಲೆ ಕಾಕುವಿನ ಅಕ್ಕನ ಮಗಳು ಬಂದು ಅವರನ್ನು ದೌಂಡಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಆಕೆಯ ಗಂಡ ರೇಲ್ವೆಯಲ್ಲಿದ್ದ. ಅಲ್ಲೇ ಹುಟ್ಟಿ ಬೆಳೆದವಳಿಗೆ ನಮ್ಮ ಕನ್ನಡ ಅಷ್ಟಕ್ಕಷ್ಟೇ. ರಿಕ್ಷಾ ಹತ್ತುವಾಗ ಕಾಕು ಕೈಚೀಲದೊಳಗೆ ಕೈ ಹಾಕಿ ಟೊಪ್ಪಿಗೆ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡರು. ಅದನ್ನು ಕೊನೆಗೆ ಉಡಿಯಲ್ಲಿ ಇಡಬೇಕೆಂದು ಆ ಹುಡುಗಿಗೂ ನಾನು ಹೇಳಿ ಕಳಿಸಿದ್ದೆ. ಆಕೆ ಹೂಂ ಹೂಂ ಎಂದಿದ್ದಳು.

ಕಾಕು ಹೋದ ಸುದ್ದಿ ನನಗೆ ಬಂದದ್ದು ಕಾರ್ಯವೆಲ್ಲ ಮುಗಿದ ಮೇಲೆ. ಓಡಿ ಹೋಗಿ ಆ ಹುಡುಗಿಗೆ ಫೋನು ಮಾಡಿದೆ. ಹೇಗಾಯಿತು, ಏನಾಯಿತು ಎಂದು ಕೇಳಿ, ಟೊಪ್ಪಿಗೆ ಉಡಿಯಲ್ಲಿ ಇಟ್ಟಿರಲ್ಲ ಎಂದು ಮರಾಠಿಯಲ್ಲೇ ಬಿಡಿಸಿ ಕೇಳಿದೆ.

ಆಕೆ ಕೇಳಿದಳು:

"ಟೋಪೀ? ಕಸಲೀ ಟೋಪೀ?"

ಯಾವ ಟೊಪ್ಪಿಗೆ ಎಂದು ಹೇಳಲಿ? ಹೇಳಿಯಾದರೂ ಏನು ಬಂತು? ಫೋನು ಕೆಳಗಿಟ್ಟೆ. ಅಂದರೆ ಪೈಪರ್ ಕಾಕಾ ಇನ್ನೂ ಅಲ್ಲೇ ಮಣ್ಣಿನೊಳಗೆ ಕೂತಿದ್ದಾರೆ, ಪೂರಾ ಡ್ರೆಸ್ಸಿನಲ್ಲಿ, ಬರಿದಲೆಯಲ್ಲಿ, ತಪ್ಪು ಮಾಡಿದವರ ಹಾಗೆ.